ಅಟ್ಟದ ಮೇಲಿನ ಯಜಮಾನಿ

ಜೂನ್ ೩

ಅತ್ತಿಗೆಗೆ ಬಾಲ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀರಿ. ಮನೆಗೆ ಬಂದರೆ ಹೊಲಿಗೆ ಮಿಷನ್ನಿನ ಸದ್ದು ರಸ್ತೆಗೇ ಕೇಳುತ್ತಿರುತ್ತದೆ, ನಾನು ಬೆಲ್ ಒತ್ತಿದ ಕೂಡಲೇ ಸದ್ದು ನಿಲ್ಲುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಅಂಚೆಯವನನ್ನು ಬ್ಲಾಕ್ ಮಾಡುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೂ ಓದಿ ಹರಿಯಿರಿ.

ಅಣ್ಣ ಹೋದ ಮೇಲೆ ಔಷಧಿ ಗೋದಾಮಿನಲ್ಲಿ ಅವನು ಮಾಡುತ್ತಿದ್ದ ಕೆಲಸವನ್ನು ನನಗೇ ಕೊಟ್ಟರು. ಚಿಕ್ಕಂದಿನಲ್ಲಿ ಅವನ ಬೆನ್ನು ಬಿಡದೆ ಓಡಾಡಿ ‘ಬಾಲ’ ಅನ್ನಿಸಿಕೊಂಡವಳು, ಕೊನೆಗೆ ಅವನ ಕುರ್ಚಿಯನ್ನೂ ಬಿಡಲಿಲ್ಲ ಅಂತ ನೀವು ಅಂದುಕೊಂಡಿರಬಹುದು. ಅಂದುಕೊಳ್ಳಿ. ಆದರೆ ಒಂದು ವಿಷಯ ಕೇಳಲೇಬೇಕಾಗಿದೆ.

ಇಲ್ಲಿ ಚಾವಣಿಯ ತುಂಬ ಊಟದ ತಟ್ಟೆಯಂಥ ಬಿಳಿ ಪೆಟ್ಟಿಗೆಗಳಿವೆ. ಆಕ್ಸೆಸ್ ಪಾಯಿಂಟ್ ಅಂತ ಅವುಗಳ ಹೆಸರು, ನಾವು ತಟ್ಟೆ ಅನ್ನುತ್ತೇವೆ. ಗೋದಾಮಿಗೆಲ್ಲ ವೈಫೈ ಹರಡುವುದು ಅವೇ. ಯಾವ ತಟ್ಟೆಯ ಕೆಳಗೆ ಯಾರ ಸ್ಕ್ಯಾನರು, ಯಾರ ಫೋನು ಇದೆ ಅನ್ನುವುದು ನನ್ನ ಮೇಜಿನ ಪರದೆಯ ಮೇಲೆ ಕಾಣುತ್ತದೆ. ಹೋದ ವಾರ ಮಧ್ಯಾಹ್ನ ಅಟ್ಟದ ತಟ್ಟೆಯ ಕೆಳಗೆ ‘ಮುದಿಕುದುರೆ’ ಅಂತ ಬಂತು. ಅಣ್ಣ ತನ್ನ ಫೋನಿಗೆ ಇಟ್ಟಿದ್ದ ಹೆಸರು ಅದು. ಕುರ್ಚಿ ಉರುಳಿದ್ದೂ ತಿಳಿಯದೆ ಅಟ್ಟಕ್ಕೆ ಓಡಿದೆ. ಹೋದ ವರ್ಷ ಅವನು ಬಿದ್ದಿದ್ದ ಜಾಗದಲ್ಲಿ ಗ್ಲೂಕೋಸ್ ಬಾಟಲಿಗಳ ಪೆಟ್ಟಿಗೆ ಬಿಟ್ಟರೆ ಏನೂ ಇರಲಿಲ್ಲ. ಕೆಳಗೆ ಬರುವಷ್ಟರಲ್ಲಿ ಹೆಸರು ಮಾಯವಾಗಿತ್ತು. ಮರುದಿನ ಮತ್ತೆ ಬಂತು.

ನಮ್ಮಲ್ಲಿ ಫೈರ್‌ವಾಲ್ ಅಂತ ಇನ್ನೊಂದು ಪೆಟ್ಟಿಗೆ ಇದೆ. ಗೇಟಿನ ಕಾವಲುಗಾರನ ಹಾಗೆ, ಒಳಗೆ ಬರುವ ಹೊರಗೆ ಹೋಗುವ ಪ್ರತಿಯೊಂದನ್ನೂ ‘ಯಾರು ನೀನು, ಎಲ್ಲಿಗೆ’ ಅಂತ ತಡೆದು ಕೇಳುತ್ತದೆ. ನಾವು ಕೊಟ್ಟ ಅಪ್ಪಣೆಗಳನ್ನು ಮೇಲಿನಿಂದ ಕೆಳಗೆ ಓದಿಕೊಂಡು ಹೋಗುತ್ತದೆ. ಯಾವುದು ಮೊದಲು ಹೊಂದುತ್ತದೋ ಅದೇ ಕೊನೆಯ ಮಾತು. ಎಲ್ಲಕ್ಕಿಂತ ಮೇಲೆ ಅಣ್ಣ ತನ್ನ ಫೋನನ್ನೇ ಕೂರಿಸಿಕೊಂಡಿದ್ದಾನೆ: ಇದನ್ನು ತಡೆಯಬೇಡ. ಸತ್ತವನ ಫೋನಿಗೆ ಬಾಗಿಲು ತೆರೆದಿಡುವುದು ತಪ್ಪು, ಗೊತ್ತು. ಆದರೂ ಆ ಸಾಲನ್ನು ಅಳಿಸಲು ನನಗೆ ಕೈ ಬಂದಿಲ್ಲ. ವರ್ಷದ ಕೊನೆಗೆ ಹೊಸ ಫೈರ್‌ವಾಲ್, ಹೊಸ ತಟ್ಟೆಗಳು ಬರುತ್ತವೆ, ಆಗ ಹಳೆಯ ಅಪ್ಪಣೆಗಳೆಲ್ಲ ಹೋಗುತ್ತವೆ.

ಅತ್ತಿಗೆ, ಆ ಫೋನು ಯಾರ ಕೈಯಲ್ಲಿದೆ?

ಉತ್ತರದ ದಾರಿ ನೋಡುತ್ತಾ,
ಬಾಲ


ಜೂನ್ ೨೧

ಬಾಲ,

ಫೋನು ನನ್ನ ಹತ್ತಿರ ಇದೆ. ನನ್ನ ಗಂಡನ ಫೋನು ನನ್ನ ಹತ್ತಿರ ಇರದೆ ಇನ್ಯಾರ ಹತ್ತಿರ ಇರಬೇಕಿತ್ತು?

ಆಸ್ಪತ್ರೆಯವರು ಕವರಿನಲ್ಲಿ ಹಾಕಿ ಕೊಟ್ಟದ್ದನ್ನು ಹಾಗೇ ಬೀರುವಿನಲ್ಲಿ ಇಟ್ಟಿದ್ದೆ. ಅವರ ನಂಬರು ಹೋಗದಿರಲಿ ಅಂತ ರೀಚಾರ್ಜ್ ಮಾತ್ರ ಮಾಡಿಸುತ್ತಲೇ ಇದ್ದೆ, ಮೊನ್ನೆ ಮೊನ್ನೆ ತೆಗೆದು ಚಾರ್ಜಿಗೆ ಹಾಕಿದೆ. ಲಾಕ್ ತೆಗೆಯಲು ನನಗೆ ಬರುವುದಿಲ್ಲ. ಅಂಗಡಿಯವನಿಗೆ ತೋರಿಸೋಣ ಅಂತ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ನಿಮ್ಮ ಗೋದಾಮಿನ ಹಿಂದಿನ ಗೋಡೆಗೆ ಅಂಟಿಕೊಂಡು ಸ್ಟಾಪಿದೆಯಲ್ಲ, ಅಲ್ಲಿ ಬಸ್ಸು ನಿಂತಾಗ ನನ್ನ ಫೋನಿಗೆ ಮೆಸೇಜು ಬಂತು. ಮೇಲೆ ಅವರ ಹೆಸರು. ಕೆಳಗೆ ‘ತಲುಪಿದೆ’.

ಎಷ್ಟು ವರ್ಷ ಅದನ್ನು ನೋಡಿದ್ದೇನೆ. ಬೆಳಿಗ್ಗೆ ಕೆಲಸಕ್ಕೆ ಮುಟ್ಟಿದ ಕೂಡಲೇ ‘ತಲುಪಿದೆ’, ಸಂಜೆ ಬಿಡುವಾಗ ‘ಹೊರಟೆ’. ಒಂದು ದಿನ ತಪ್ಪಿದ್ದಿಲ್ಲ. ನಿಮ್ಮಣ್ಣ ಪ್ರೀತಿ ಗೀತಿ ಅಂತ ಬಾಯಿ ಬಿಟ್ಟವರಲ್ಲ. ಅದೇ ಅವರ ಪ್ರೀತಿ ಅಂತ ತಿಳಿದು ನಾನೂ ‘ಸರಿ’ ಅಂತ ಹಾಕುತ್ತಿದ್ದೆ.

ಬಸ್ಸಿನಿಂದ ಇಳಿದುಬಿಟ್ಟೆ. ಬೆಂಚಿನ ಮೇಲೆ ಕೂತೆ. ಬಸ್ಸುಗಳು ಬಂದವು, ಹೋದವು. ಎದ್ದು ನಡೆದರೆ ‘ಹೊರಟೆ’ ಅಂತ ಬರುತ್ತದೆ. ಈಗ ದಿನಾ ಮಧ್ಯಾಹ್ನ ಹೋಗಿ ಕೂರುತ್ತೇನೆ. ಫೋನು ನನ್ನ ಬ್ಯಾಗಿನಲ್ಲೇ ಇದೆ, ಅಷ್ಟು ಬುದ್ಧಿ ನನಗೂ ಇದೆ. ಬೆರಳಿಲ್ಲದೆ ಹೇಗೆ ಬರೆಯುತ್ತದೆ ಅಂತ ನಾನು ಕೇಳಿಕೊಂಡಿಲ್ಲ. ನೀನೂ ಹೇಳಲು ಬರಬೇಡ.

ಅವರು ತೀರಿಕೊಂಡ ಆ ಸಂಜೆಯೂ ‘ಹೊರಟೆ’ ಅಂತ ಬಂದಿತ್ತು. ಅಡುಗೆ ಬಿಸಿ ಮಾಡಿ ಕೂತೆ. ಬರಲಿಲ್ಲ. ಹೇಳದೆ ಕೇಳದೆ ನಿನ್ನ ಮನೆಗೆ ನುಗ್ಗುವ ಚಾಳಿ ಅವರಿಗಿತ್ತು, ತಂಗಿ ಅಂದರೆ ಪ್ರಾಣ. ನಾಳೆ ಅಣ್ಣ ತಂಗಿ ಇಬ್ಬರಿಗೂ ಮಂಗಳಾರತಿ ಎತ್ತುತ್ತೇನೆ ಅಂತ ಸಿಟ್ಟಿನಲ್ಲಿ ಮಲಗಿದೆ. ಅವರಿಗೂ ಫೋನ್ ಮಾಡಲಿಲ್ಲ, ಗೋದಾಮಿಗೂ ಮಾಡಲಿಲ್ಲ, ನಿನಗೂ ಮಾಡಲಿಲ್ಲ. ‘ಹೊರಟೆ’ ಅಂದವರನ್ನು ಹುಡುಕುವುದು ಎಲ್ಲಿ? ಬೆಳಿಗ್ಗೆ ಅಟ್ಟದ ಮೇಲೆ ಸಿಕ್ಕರು. ಹೃದಯ ನಿಂತಿತ್ತು. ‘ಸ್ವಲ್ಪ ಮುಂಚೆ ಯಾರಾದ್ರೂ ನೋಡಿದ್ರೆ’ ಅಂದು ಡಾಕ್ಟರು ಮಾತು ನಿಲ್ಲಿಸಿದರು. ಆ ಅರ್ಧ ಮಾತು ಅವತ್ತಿನಿಂದ ನನ್ನ ಮನೆಯಲ್ಲೇ ವಾಸ ಮಾಡುತ್ತಿದೆ. ನಿನ್ನ ದನಿ ಕೇಳಿದರೂ ಅದೇ ಕೇಳಿಸುತ್ತದೆ, ಅದಕ್ಕೇ ಬಾಗಿಲು ತೆರೆಯುವುದಿಲ್ಲ.

ಹೊರಡದೆ ‘ಹೊರಟೆ’ ಅಂತ ಯಾಕೆ ಸುಳ್ಳು ಹೇಳಿದರು? ಇದಕ್ಕೆ ಉತ್ತರ ಇದ್ದರೆ ಬರಿ. ಇಲ್ಲದಿದ್ದರೆ ಬರೆಯಬೇಡ.

ನಿಮ್ಮಣ್ಣನ ಹೆಂಡತಿ


ಜೂಲೈ ೫

ಅತ್ತಿಗೆ,

ಉತ್ತರ ಇಲ್ಲ. ಆದರೂ ಬರೆಯುತ್ತಿದ್ದೇನೆ. ಬಾಲ ಡೊಂಕೇ ಅಲ್ಲವೇ?

ಬಾಗಿಲು ತೆರೆಯದಿದ್ದರೂ ಕಾಗದ ಬರೆದಿರಿ, ಅಷ್ಟಕ್ಕೇ ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಅದನ್ನು ಊಟದ ಡಬ್ಬಿಯ ಜೊತೆ ಗೋದಾಮಿಗೆ ತಂದು ಮತ್ತೆ ಓದಿದೆ.

ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಬೇರೆ ಕಡೆ ತಟ್ಟೆಗಳಿಗೆ ನಂಬರು ಇರುತ್ತದೆ. ಅಣ್ಣ ಮನೆಯವರ ಹೆಸರಿಟ್ಟಿದ್ದ. ಗೇಟಿನ ಹತ್ತಿರದ್ದು ಸೋದರತ್ತೆ, ಬಂದವರನ್ನೆಲ್ಲ ಮಾತಾಡಿಸುತ್ತಾಳೆ. ಶೀತಲ ಕೋಣೆಯದ್ದು ಚಿಕ್ಕಪ್ಪ, ಮಧ್ಯಾಹ್ನವಾದರೆ ನಿದ್ದೆ ಹೋಗುತ್ತಾನೆ, ಎಬ್ಬಿಸಬೇಕು. ಅಟ್ಟದ್ದು ಯಜಮಾನಿ. ‘ಪಾಪ, ಅತ್ತಿಗೆನ ಯಾಕೋ ಅಟ್ಟಕ್ಕೆ ಹಾಕಿದೀಯ?’ ಅಂತ ಕೇಳಿದ್ದೆ. ‘ಇವಳೊಬ್ಬಳೇ ಕಣೇ, ಕಾಂಪೌಂಡ್ ದಾಟಿದ್ರೂ ಬಿಡಲ್ಲ. ಗೋಡೆ ಆಚೆ ನಿಂತ್ರೂ ಹಿಡ್ಕೊಳ್ತಾಳೆ’ ಅಂದಿದ್ದ. ಬಸ್ ಸ್ಟಾಪಿನ ಬೆಂಚಿನ ತನಕ ಕೈ ಚಾಚಿ ನಿಮ್ಮ ಬ್ಯಾಗಿನೊಳಗಿನ ಫೋನನ್ನು ಹಿಡಿದುಕೊಳ್ಳುತ್ತಿರುವುದು ಅವಳೇ.

ಅಟ್ಟಕ್ಕೆ ಬೇರೆ ಯಾವ ತಟ್ಟೆಯೂ ದಿಕ್ಕಿಲ್ಲ. ಅಲ್ಲಿ ಗ್ಲೂಕೋಸ್ ಪೆಟ್ಟಿಗೆಗಳನ್ನು ಚಾವಣಿ ಮುಟ್ಟುವಂತೆ ಜೋಡಿಸಿರುತ್ತಾರೆ. ನೀರು ಸಿಗ್ನಲ್ಲನ್ನು ಕುಡಿದುಬಿಡುತ್ತದೆ, ಬೇರೆ ತಟ್ಟೆಗಳ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಈಗ ಯಜಮಾನಿಯ ವೈರು ಸಡಿಲಾಗಿದೆ. ಒಂದು ದಿನ ಇಳಿಸಿ ಸರಿಮಾಡಬೇಕು.

ಅಟ್ಟದ ಕಿಟಕಿಯಿಂದ ಬೆಂಚು ಕಾಣುತ್ತದೆ. ನಿನ್ನೆ ನಿಮ್ಮನ್ನು ನೋಡಿದೆ. ನಿಮ್ಮ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ? ಕೆಳಗೆ ಬರಲೇ ಅನ್ನಿಸಿತು. ನೀವು ಎದ್ದು ಹೋದರೆ ಅಂತ ಹೆದರಿ ಬರಲಿಲ್ಲ. ಪರದೆಯ ಮೇಲೆ ‘ಮುದಿಕುದುರೆ’ ಇರುವಷ್ಟು ಹೊತ್ತು ಅಣ್ಣ ಮೇಲೆ ಏಣಿ ಹತ್ತಿ ಏನೋ ತಿರುಚುತ್ತಿದ್ದಾನೆ, ಈಗ ‘ಸ್ಕ್ರೂಡ್ರೈವರ್ ತಾರೇ’ ಅಂತ ಕೂಗುತ್ತಾನೆ ಅಂತ ನನಗೂ ಅನ್ನಿಸುತ್ತದೆ. ನೀವು ಬಾರದ ದಿನ ನಾನೂ ಕಾಯುತ್ತೇನೆ, ಅತ್ತಿಗೆ.

ಬಾಲ


ಜೂಲೈ ೨೬

ಬಾಲ,

ನಿನ್ನೆ ಏನು ಮಾಡಿದೆ?

ನಾನು ಬೆಂಚಿನಿಂದ ಕದಲಿಲ್ಲ. ಮಡಿಲಲ್ಲಿ ಯೂನಿಫಾರ್ಮ್ ಇಟ್ಟುಕೊಂಡು ಗುಂಡಿ ಹಚ್ಚುತ್ತಾ ಕೂತಿದ್ದೆ. ‘ತಲುಪಿದೆ’ ಬಂದಾಗಿತ್ತು, ‘ಸರಿ’ ಅಂತ ಹಾಕಿಯೂ ಆಗಿತ್ತು. ಇದ್ದಕ್ಕಿದ್ದ ಹಾಗೆ ‘ಹೊರಟೆ’ ಅಂತ ಬಂತು. ಬ್ಯಾಗಿಗೆ ಕೈ ಹಾಕಿದೆ, ಫೋನು ಅಲ್ಲೇ ಬೆಚ್ಚಗೆ ಇತ್ತು. ಆ ಸಂಜೆ ಬಂದ ಹಾಗೇ ಬಂತು. ಎಲ್ಲಿಗೂ ಹೋಗದವರು ‘ಹೊರಟೆ’ ಅಂದರು. ಎಷ್ಟೋ ಹೊತ್ತಿನ ಮೇಲೆ ಮತ್ತೆ ‘ತಲುಪಿದೆ’.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, ‘ಯಾಕಮ್ಮಾ, ಯಾರಾದ್ರೂ ತೀರ್ಕೊಂಡ್ರಾ?’ ಅಂತ ಕೇಳಿದಳು. ‘ಹೌದು, ಹೋದ ವರ್ಷ’ ಅಂದೆ. ಅವಳು ಎದ್ದು ದೂರ ಹೋಗಿ ನಿಂತಳು.

ಹೇಳಬೇಡ ಅಂದಿದ್ದವಳು ನಾನೇ. ಈಗ ನಾನೇ ಕೇಳುತ್ತಿದ್ದೇನೆ. ಇಷ್ಟು ವರ್ಷ ಅದನ್ನು ಬರೆದದ್ದು ಅವರ ಬೆರಳೋ, ಅಲ್ಲವೋ? ಬೆಣ್ಣೆ ಹಚ್ಚದೆ ಬರಿ.

ಅತ್ತಿಗೆ


ಸೆಪ್ಟೆಂಬರ್ ೧೨

ಅತ್ತಿಗೆ,

ಇಷ್ಟು ದಿನ ಬರೆಯುವುದು, ಹರಿಯುವುದು, ಇದೇ ಆಯಿತು. ಫೈರ್‌ವಾಲ್‌ಗಾದರೆ ಯಾವ ಸಾಲು ಮೇಲಿನದು ಅಂತ ಗೊತ್ತಿರುತ್ತದೆ. ನನಗೆ ಗೊತ್ತಾಗಲಿಲ್ಲ. ‘ಅತ್ತಿಗೆಗೆ ನಿಜ ಹೇಳು’ ಅನ್ನುವುದು ಮೇಲೋ, ‘ಅತ್ತಿಗೆಯನ್ನು ನೋಯಿಸಬೇಡ’ ಅನ್ನುವುದು ಮೇಲೋ? ಅಣ್ಣ ಸುಳ್ಳು ಹೇಳಿದ ಅನ್ನುವುದನ್ನು ನಿಮ್ಮ ಮನಸ್ಸಿನಿಂದ ತೆಗೆಯಬೇಕಾದರೆ, ಅದರ ಜೊತೆ ಇನ್ನೊಂದನ್ನೂ ಕಿತ್ತುಕೊಳ್ಳಬೇಕಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ನೀವೇ ಕೇಳಿದ್ದೀರಿ ಅಂತ ಬರೆಯುತ್ತಿದ್ದೇನೆ.

ಆ ಮಧ್ಯಾಹ್ನ ನಾನು ಯಜಮಾನಿಯನ್ನು ಇಳಿಸಿದ್ದೆ. ವೈರು ಬಿಚ್ಚಿದ ಕೂಡಲೇ ನಿಮಗೆ ‘ಹೊರಟೆ’ ಬಂದಿದೆ. ಮತ್ತೆ ಸಿಕ್ಕಿಸಿದಾಗ ‘ತಲುಪಿದೆ’ ಬಂದಿದೆ. ಅಣ್ಣ ತನ್ನ ಫೋನಿಗೆ ಹೇಳಿಟ್ಟಿದ್ದಾನೆ: ಗೋದಾಮಿನ ವೈಫೈ ಸಿಕ್ಕಿದರೆ ‘ತಲುಪಿದೆ’ ಅಂತ ಕಳಿಸು, ತಪ್ಪಿದರೆ ‘ಹೊರಟೆ’ ಅಂತ ಕಳಿಸು. ಅವನ ಬೆರಳಲ್ಲ, ಅತ್ತಿಗೆ.

ಆ ಸಂಜೆ ಗ್ಲೂಕೋಸಿನ ಲೋಡು ಬಂದು ಅಟ್ಟ ತುಂಬಿತ್ತು, ಸ್ಕ್ಯಾನರುಗಳು ಕೈಕೊಟ್ಟಿದ್ದವು. ಕೆಲಸದವರೆಲ್ಲ ಮನೆಗೆ ಹೋದ ಮೇಲೆ ಅಣ್ಣ ಒಬ್ಬನೇ ಮೇಲೆ ಹೋದ. ಗೇಟಿನವರು ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಅವನು ಹೊರಗೆ ಹೋದನೋ ಇಲ್ಲವೋ ನೋಡಲಿಲ್ಲ. ಅವನು ಸಿಕ್ಕಾಗ ಎದೆಯ ಮೇಲೆ ಆ ತಟ್ಟೆ ಇತ್ತು, ಎರಡೂ ಕೈಯಿಂದ ಹಿಡಿದುಕೊಂಡಿದ್ದ ಅಂತ ನನಗೆ ಹೇಳಿದ್ದರು. ಅದರ ಅರ್ಥ ಈಗ ಹೊಳೆಯಿತು. ಅವನು ಯಜಮಾನಿಯನ್ನು ಇಳಿಸಿದ ಕ್ಷಣ ಫೋನಿಗೆ ವೈಫೈ ತಪ್ಪಿತು. ಹೊರಟ ಅಂತ ತಿಳಿದು ನಿಮಗೆ ಹಾಗೇ ಹೇಳಿತು. ಅವನು ಏಣಿಯ ಮೇಲೇ ಇದ್ದ. ಅಣ್ಣ ಸುಳ್ಳು ಹೇಳಲಿಲ್ಲ. ಮೆಸೇಜು ಹೋಗಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಎಷ್ಟೋ ವರ್ಷದ ಹಿಂದೆ ಒಂದು ದಿನ ಅವನು ‘ತಲುಪಿದೆ’ ಅಂತ ನಿಮಗೆ ಹೇಳುವುದನ್ನು ಮರೆತಿದ್ದ. ನೀವು ಅರ್ಧ ಹೊಲಿದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಗೋದಾಮಿನ ಗೇಟಿಗೆ ಓಡಿ ಬಂದಿರಂತೆ. ‘ಮುಖ ಬಿಳಿಚಿಕೊಂಡಿತ್ತು ಕಣೇ. ಇನ್ಮೇಲೆ ನನ್ನ ಮರೆವನ್ನ ನಂಬಲ್ಲ’ ಅಂತ ನನ್ನ ಹತ್ತಿರ ಹೇಳಿದ್ದ. ಅದಕ್ಕೆ ಏನು ಉಪಾಯ ಮಾಡಿದ ಅಂತ ನಾನು ಆಗ ಕೇಳಲಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಬಾಲ


ಅಕ್ಟೋಬರ್ ೧

ಬಾಲ,

ಓದಿದೆ.

ಗೇಟಿಗೆ ಬಂದದ್ದು ನನಗೂ ನೆನಪಿದೆ. ಎಲ್ಲರೂ ನಕ್ಕರು. ನಿಮ್ಮಣ್ಣ ನಾಚಿ ಕೆಂಪಾಗಿ ನನ್ನನ್ನು ಆಟೋ ಹತ್ತಿಸಿ ಕಳಿಸಿದರು. ಇವಳು ಇನ್ನೊಮ್ಮೆ ಗೇಟಿಗೆ ಬಾರದಿರಲಿ ಅಂತ ಯಂತ್ರ ಹೂಡಿದರು ಅಂತ ಒಂದು ಮನಸ್ಸು ಹೇಳುತ್ತದೆ. ಇವಳು ಇನ್ನೊಮ್ಮೆ ಹೆದರದಿರಲಿ ಅಂತ ಹೂಡಿದರು ಅಂತ ಇನ್ನೊಂದು ಹೇಳುತ್ತದೆ. ಎರಡರ ನಡುವೆ ನಾನು ಹಿಟ್ಟಾಗಿದ್ದೇನೆ.

ಇಷ್ಟು ವರ್ಷ ಒಂದು ಡಬ್ಬಿಗೆ ‘ಸರಿ, ಸರಿ’ ಅಂದೆನಲ್ಲ.

ನೀನು ಬರೆಯದೆ ಬಿಟ್ಟದ್ದನ್ನೂ ಓದಿದೆ. ಮೆಸೇಜು ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಹಾಗಾದರೆ ಬಿದ್ದುಕೊಂಡು ಏನು ಅಂದುಕೊಂಡಿರಬೇಕು? ಸುದ್ದಿ ಇಲ್ಲ ಅಂದರೆ ಅವಳು ಗೇಟಿಗೆ ಬಂದೇ ಬರುತ್ತಾಳೆ, ಅಂತ ತಾನೇ? ಒಂದು ಸಲ ಬಂದಿದ್ದೆನಲ್ಲ.

ಇನ್ನು ಬೆಂಚಿಗೆ ಬರುವುದಿಲ್ಲ. ಅವರ ಫೋನಿನ ಆ ಮೇಲಿನ ಸಾಲು ಅಳಿಸಿಬಿಡು. ಕಾಗದವೂ ಬೇಡ.

ನಿಮ್ಮಣ್ಣನ ಹೆಂಡತಿ


ಡಿಸೆಂಬರ್ ೧೮

ಅತ್ತಿಗೆ,

ಕಾಗದ ಬೇಡ ಅಂದಿದ್ದೀರಿ. ಇದು ಕಾಗದವಲ್ಲ, ಪಾರ್ಸಲ್ಲಿನೊಳಗಿನ ಚೀಟಿ.

ಹೊಸ ಫೈರ್‌ವಾಲ್ ಬಂತು. ಹಳೆಯದನ್ನು ಆರಿಸುವ ಮೊದಲು ಅಣ್ಣನ ಸಾಲನ್ನು ನಾನೇ ಅಳಿಸಿದೆ. ಬೇರೆಯವರ ಕೈಯಲ್ಲಿ ಹೋಗುವುದು ಬೇಡ ಅನ್ನಿಸಿತು. ಅದು ಹೋದ ಮೇಲೆ ಎರಡನೆಯ ಸಾಲು ಮೇಲೆ ಬಂದು ಅದರ ಜಾಗದಲ್ಲಿ ಕೂತಿತು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ತಟ್ಟೆಗಳೂ ಹೊಸವು, ವೈಫೈ ಹೆಸರೂ ಹೊಸದು. ಈಗ ಎಲ್ಲಕ್ಕೂ ನಂಬರು. ಸೋದರತ್ತೆ, ಚಿಕ್ಕಪ್ಪ ಎಲ್ಲರೂ ಗುಜರಿಯ ಪೆಟ್ಟಿಗೆ ಸೇರಿದರು. ಅದರಲ್ಲಿ ಒಂದನ್ನು ನನಗೆ ಕೊಡಿ ಅಂತ ಮ್ಯಾನೇಜರರನ್ನು ಕೇಳಿದೆ. ‘ಯಾವ್ದಾದ್ರೂ ತಗೊಳ್ಳಮ್ಮ’ ಅಂದರು. ‘ಯಾವುದಾದ್ರೂ ಅಲ್ಲ ಸಾರ್, ನಮ್ಮತ್ತಿಗೆ ಬೇಕು’ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಯಜಮಾನಿಯನ್ನು ಕಳಿಸಿದ್ದೇನೆ. ಕರೆಂಟು ಕೊಡುವ ಸಣ್ಣ ಡಬ್ಬಿಯೂ ಜೊತೆಗಿದೆ. ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು. ಇಂಟರ್ನೆಟ್ಟು ಬರುವುದಿಲ್ಲ, ಸುಮ್ಮನೆ ಗೋದಾಮಿನ ಹಳೆಯ ಹೆಸರನ್ನು ಕೂಗುತ್ತಾ ಕೂತಿರುತ್ತಾಳೆ. ಮುದಿಕುದುರೆಗೆ ಆ ಹೆಸರು ಗೊತ್ತು, ಕೂಗಿದರೆ ಬರುತ್ತದೆ.

ಇಂಥದ್ದನ್ನು ಕಳಿಸುವುದು ಗಾಯದ ಮೇಲೆ ಬರೆ ಎಳೆದ ಹಾಗೋ, ಏನೋ ಗೊತ್ತಿಲ್ಲ. ಬೇಡವಾದರೆ ನೀವೂ ಗುಜರಿಗೆ ಹಾಕಿ. ಅವನು ಕೊನೆಗೆ ಹಿಡಿದುಕೊಂಡಿದ್ದ ವಸ್ತು ನನ್ನ ಮನೆಯಲ್ಲಿ ಇರುವುದು ಸರಿಯಲ್ಲ ಅನ್ನಿಸಿತು, ಅಷ್ಟೇ.

ಬಾಲ


ಮಾರ್ಚ್ ೯

ಬಾಲಾ,

ಫೋನಿನಲ್ಲಿ ಮಾತಾಡಿದ್ದಾಯಿತು, ಎದುರುಬದುರು ಕೂತು ಅತ್ತದ್ದೂ ಆಯಿತು, ಇನ್ನು ಕಾಗದ ಯಾಕೆ ಅನ್ನುತ್ತೀಯ. ಮೊನ್ನೆ ನಿನಗೆ ಫೋನ್ ಮಾಡುವ ಮೊದಲು ಏನಾಯಿತು ಅನ್ನುವುದನ್ನು ಬಾಯಲ್ಲಿ ಹೇಳಲಾಗಲಿಲ್ಲ.

ನಿನ್ನ ಪಾರ್ಸಲ್ಲನ್ನು ಬಹಳ ದಿನ ಚೂರು ಬಟ್ಟೆಯ ಮೂಟೆಯ ಕೆಳಗೆ ತುರುಕಿಟ್ಟಿದ್ದೆ. ಒಂದು ದಿನ ತಡೆಯಲಾರದೆ ಹೊಲಿಗೆ ಮಿಷನ್ನಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಅವರ ಫೋನನ್ನು ಚಾರ್ಜು ಮಾಡಿ ಪಕ್ಕದಲ್ಲಿಟ್ಟೆ. ಸ್ವಲ್ಪ ಹೊತ್ತಿಗೆ ನನ್ನ ಫೋನಿನಲ್ಲಿ ‘ತಲುಪಿದೆ’. ಗೋದಾಮಿಗಲ್ಲ ಬಾಲಾ, ಮನೆಗೆ. ಮನೆಗೆ ಬಂದಾಗ ಅವರು ಯಾವತ್ತೂ ಮೆಸೇಜು ಕಳಿಸಿದವರಲ್ಲ, ಚಪ್ಪಲಿ ಬಿಡುವ ಸದ್ದೇ ಸಾಕಾಗುತ್ತಿತ್ತು. ಡಬ್ಬಿ ಅಂತ ಗೊತ್ತಿದ್ದೂ ‘ಸರಿ’ ಅಂತ ಹಾಕಿದೆ.

ಅವತ್ತಿನಿಂದ ಆರಿಸಿಲ್ಲ. ಕರೆಂಟು ಹೋದರೆ ‘ಹೊರಟೆ’ ಅನ್ನುತ್ತಾರೆ, ಬಂದರೆ ‘ತಲುಪಿದೆ’ ಅನ್ನುತ್ತಾರೆ. ಮೊದಮೊದಲು ನಗು ಬರುತ್ತಿತ್ತು. ‘ಹೋಗಿ, ಬೀದಿ ಅಳೆದು ಬನ್ನಿ’ ಅಂತ ಬೈಯುತ್ತಿದ್ದೆ.

ಮೊನ್ನೆ ಸಂಜೆ ಹೋದ ಕರೆಂಟು ಬರಲೇ ಇಲ್ಲ. ಮೇಣದಬತ್ತಿ ಹಚ್ಚಿ ಅಡುಗೆ ಬಿಸಿ ಮಾಡಿ ಕೂತೆ. ಆರಿ ತಣ್ಣಗಾಯಿತು. ಆ ಹಳೆಯ ಸಿಟ್ಟೇ ಎದ್ದು ಬಂತು: ಹೇಳದೆ ಕೇಳದೆ ತಂಗಿ ಮನೆಗೆ ಹೋಗಿರುತ್ತಾರೆ, ಬರಲಿ ನಾಳೆ. ಎದ್ದು ಹಾಸಿಗೆಯನ್ನೂ ಬಿಡಿಸಿದೆ. ದಿಂಬಿಗೆ ಕೈ ಹಾಕಿದಾಗ ಭಯವಾಯಿತು. ಅವತ್ತಿನ ಹಾಗೇ ಮತ್ತೆ ಮಲಗಿಬಿಡುತ್ತೇನಲ್ಲ ಅಂತ ಭಯವಾಯಿತು. ನಿನ್ನ ನಂಬರಿನ ಬ್ಲಾಕು ತೆಗೆದೆ.

‘ನಿಮ್ಮಣ್ಣ ಅಲ್ಲಿಗೇನಾದ್ರೂ ಬಂದಿದ್ದಾರಾ?’ ಅಂತ ಕೇಳಿದೆ. ಅತ್ತಿಗೆಗೆ ತಲೆ ಕೆಟ್ಟಿತು ಅಂತ ನೀನು ಅಳಬಹುದಿತ್ತು, ಬುದ್ಧಿ ಹೇಳಬಹುದಿತ್ತು. ನೀನು ‘ಇಲ್ಲ ಅತ್ತಿಗೆ, ಇಲ್ಲಿಗೆ ಬಂದಿಲ್ಲ. ಗೋದಾಮಿನಲ್ಲಿ ನೋಡೋಣ. ನೀವು ಗೇಟಿಗೆ ಬನ್ನಿ’ ಅಂದೆ.

ಗೇಟಿನವನು ‘ಏನು ಮೇಡಂ, ಏನಾದ್ರೂ ಬಿಟ್ಟು ಹೋಗಿದ್ರಾ?’ ಅಂದಾಗ ನೀನು ‘ಹೌದು’ ಅಂದದ್ದು, ಅಟ್ಟದಲ್ಲಿ ಒಂದೊಂದು ಪೆಟ್ಟಿಗೆಯ ಹಿಂದೆಯೂ ಟಾರ್ಚು ಹಾಕಿ ನಿಜವಾಗಿ ಹುಡುಕಿದ್ದು, ಎಲ್ಲ ನೋಡಿದೆ. ನಾನು ಅವರು ಬಿದ್ದಿದ್ದ ಜಾಗದಲ್ಲಿ ಕೂತು ಏನೋ ಹೇಳಿದೆ, ನೀನು ಕೇಳಿಸದವಳ ಹಾಗೆ ಕಿಟಕಿಯ ಕಡೆ ತಿರುಗಿದೆ. ನಾನು ‘ಬಂದೆ ಕಣ್ರೀ, ತಡ ಆಯ್ತು’ ಅಂತ ಹೇಳಿದೆ. ಅಷ್ಟೇ ಹೇಳಿದ್ದು.

ಮನೆಗೆ ಬಂದಾಗ ಕರೆಂಟು ಬಂದಿತ್ತು. ಅವರದು ಒಂದು ಮೆಸೇಜು, ‘ತಲುಪಿದೆ’. ಅದರ ಹಿಂದೆಯೇ ನಿನ್ನದು, ‘ಮನೆ ಮುಟ್ಟಿದೆ ಅತ್ತಿಗೆ, ಮಲಗಿ’. ಮೊದಲು ನಿನ್ನದಕ್ಕೆ ‘ಸರಿ’ ಅಂದೆ, ಆಮೇಲೆ ಅವರದಕ್ಕೆ.

ಇನ್ನು ಮೇಲೆ ದಿನಾ ಹಾಕು. ನಿನ್ನ ಬೆರಳಿನಿಂದಲೇ ಹಾಕು, ಯಂತ್ರ ಗಿಂತ್ರ ಹೂಡಬೇಡ. ಒಂದೊಂದು ದಿನ ಮರೆತರೂ ಪರವಾಗಿಲ್ಲ. ಗೇಟಿಗೆ ಬರುತ್ತೇನೆ.

ಯಜಮಾನಿ